ಎರಡು ತಾಸಿನ ದಿಲ್ಲಿ

ನಮ್ಮೂರು ಮಸೂತಿಯಲ್ಲಿ ಯಾರು ಸತ್ತರೂ ಕುಣಿ ತೋಡುತ್ತಿದ್ದವರು ನಮ್ಮ ಯಜಮಾನರೇ. ಉಳಿದ ದಿನ ಹೊಲದ ಕೂಲಿ. ಕುಣಿಯ ವಿಷಯದಲ್ಲಿ ಮಾತ್ರ ಅವರು ಬಹಳ ಕಟ್ಟುನಿಟ್ಟು. ದೂರದ ಮಗನೋ ಮಗಳೋ ಬರಬೇಕಾಗಿದ್ದರೆ, ಅವರ ಕಾಲು ಊರ ಸೀಮೆಯಲ್ಲಿ ಬೀಳುವತನಕ ಗುದ್ದಲಿ ಮುಟ್ಟುತ್ತಿರಲಿಲ್ಲ. ತೋಡಿದ ಕುಣಿ ಖಾಲಿ ಇರುವಾಗ ಹೊತ್ತು ಮುಳುಗಬಾರದು, ಮುಳುಗಿದರೆ ಅದು ತೋಡಿದವನ ಮನೆಯಿಂದಲೇ ಒಬ್ಬರನ್ನು ಕೇಳುತ್ತದೆ ಎಂದು ಅವರ ಅಪ್ಪ ಹೇಳಿಕೊಟ್ಟಿದ್ದ.

ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ಕಸ್ತೂರೆವ್ವ ತೀರಿಕೊಂಡಳು. ಅವಳ ಒಬ್ಬನೇ ಮಗ ಸೋಮನಿಂಗ ದಿಲ್ಲಿಯಲ್ಲಿ ನೌಕರಿಯಲ್ಲಿದ್ದ. ಮರುದಿನ ಬೆಳಿಗ್ಗೆ ಅವನ ತಂತಿ ಬಂತು: ವಿಮಾನದಲ್ಲಿ ಮುಂಬೈಗೆ ಹೊರಟಿದ್ದೇನೆ, ನಾನು ಬರುವತನಕ ಅವ್ವನನ್ನು ಮಣ್ಣು ಮಾಡದೆ ಇಟ್ಟುಕೊಂಡಿರಿ.

ತಂತಿ ಓದಿದ ಪಾಂಡುರಂಗ ಮಾಸ್ತರರನ್ನು ಇವರು ಕೇಳಿದರು, ‘ದಿಲ್ಲಿಯಿಂದ ಮುಂಬೈ ಎಷ್ಟ ದೂರ ಐತ್ರಿ?’

‘ಸಾವಿರ ಕಿಲೋಮೀಟರಿನ ಮ್ಯಾಲ ಅದ, ಕಾಳಪ್ಪಾ. ಆದ್ರ ವಿಮಾನಕ್ಕ ಎರಡ ತಾಸು.’

‘ಎರಡ ತಾಸು? ನಮ್ಮ ತಾಳಿಕೋಟಿ ಬಸ್ಸಿನಷ್ಟ ಆತಲ್ರಿ!’

‘ಬಸ್ಸಿಗೆ ನಡುವ ಕೆಟ್ಟು ನಿಲ್ಲೂ ಚಟ ಅದ. ಅದಕ್ಕ ಅದೂ ಇಲ್ಲ,’ ಎಂದು ಮಾಸ್ತರರು ನಕ್ಕರು.

ಎರಡು ತಾಸಿನ ಮಾತು ಓಣಿಯೆಲ್ಲ ಹಬ್ಬಿತು. ಮುಂಬೈಯಿಂದ ಈಚೆಗೆ ರೈಲು ಹತ್ತಬೇಕು, ಮತ್ತೆ ಬಸ್ಸು ಹಿಡಿಯಬೇಕು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ತಾಳಿಕೋಟೆಯಿಂದ ಬರುವವನಿಗೆ ಕಾದಂತೆ ಎಲ್ಲರೂ ಕಾದರು. ಮಧ್ಯಾಹ್ನ ದಾಟಿದಾಗ ಕಸ್ತೂರೆವ್ವನ ಮೈದುನ ಪರಸಪ್ಪ ಬಂದು, ‘ಏನೋ ಕಾಳ್ಯಾ, ಹುಡುಗ ಬಂದ ನಿಂತ ಮ್ಯಾಲ ಗುದ್ದಲಿ ಹುಡುಕ್ತೀಯೇನ?’ ಎಂದು ಕೂಗಿದ. ಇವರು ಗುದ್ದಲಿಯನ್ನು ಹೆಗಲಿಗೆ ಏರಿಸಿದರು.

ಕುಣಿ ತೋಡಿ ಮುಗಿಯಿತು, ಹೊತ್ತು ಮುಳುಗಿತು, ಕೊನೆಯ ಬಸ್ಸೂ ಬಂತು. ಸೋಮನಿಂಗ ಇಳಿಯಲಿಲ್ಲ. ಮನೆಯಲ್ಲಿ ನಮ್ಮ ಮಗಳು ಶೇವಂತೆವ್ವ ಜ್ವರದಲ್ಲಿ ಬೇಯುತ್ತಿದ್ದಳು. ಇವರು ಹೊಸ್ತಿಲ ಆಚೆಯಿಂದಲೇ ಅವಳನ್ನು ನೋಡಿದರು, ಒಳಗೆ ಕಾಲಿಡಲಿಲ್ಲ.

‘ಮಣ್ಣ ಎಳದು ಮುಚ್ಚಿ ಬರ್ರಿ,’ ಎಂದೆ.

‘ಖಾಲಿ ಮುಚ್ಚಿದ್ರ ಹಸದ ಮಲಗತೈತಿ ಅದು. ಕಂಬಳಿ ಕೊಡು.’

‘ಎಲ್ಲಿಗೆ?’

‘ಅದಕ್ಕ ಒಬ್ಬರು ಬೇಕಲ್ಲ. ನಾ ಹೋಗಿ ಕುಂದರ್ತೇನಿ.’

‘ಹುಚ್ಚ ಹಿಡದೈತೇನ್ರಿ ನಿಮಗ?’

‘ಹುಡಿಗಿ ಮಾರಿ ನೋಡು, ಶಂಕ್ರೆವ್ವ,’ ಎಂದವರೇ ಹೊರಟುಬಿಟ್ಟರು.

ಮರುದಿನ ಮಧ್ಯಾಹ್ನ ಸೋಮನಿಂಗ ಬಂದ. ಅಂಗಿಯ ತುಂಬ ರೈಲಿನ ಮಸಿ. ‘ವಿಮಾನ ಎರಡ ತಾಸಿಗೇ ಇಳಿಸ್ತು. ಮುಂಬೈಯಿಂದ ಇಲ್ಲಿಗೆ ಬರೂದ್ರಾಗ ರಾತ್ರಿ ಹೋತು, ಅರ್ಧ ಹಗಲೂ ಹೋತು,’ ಎಂದು ಅತ್ತ. ಜನ ಕಸ್ತೂರೆವ್ವನನ್ನು ಹೊತ್ತು ಹೋದಾಗ ಇವರು ಕುಣಿಯಲ್ಲಿ ಚಕ್ಕಳಬಕ್ಕಳ ಹಾಕಿ ಕುಳಿತಿದ್ದರು, ನಮ್ಮಲ್ಲಿ ಹೆಣವನ್ನು ಕೂರಿಸುವ ಹಾಗೆಯೇ. ಇಬ್ಬರು ಕೈಹಿಡಿದು ಮೇಲೆಳೆಯಬೇಕಾಯಿತು.

ಆ ಸಂಜೆ ಶೇವಂತೆವ್ವ ಬೆವತು, ಕಣ್ಣು ಬಿಟ್ಟು, ಗಂಜಿ ಕೇಳಿದಳು. ಒಲೆಯ ಮುಂದೆ ಕುಳಿತಿದ್ದ ಇವರ ಕಾಲು ಮುಟ್ಟಿದೆ. ಕುಣಿಯ ಮಣ್ಣಿನ ಹಾಗೆ ತಣ್ಣಗಿತ್ತು. ಇಟ್ಟಿಗೆ ಕಾಸಿ ಇಟ್ಟೆ.

‘ಆಕೀಗೆ ಉಣಸು. ಇನ್ನ ಆಕಿ ಸನೇಕ ಏನೂ ಬರೂದಿಲ್ಲ,’ ಎಂದರು.

ಆ ಕಾಲು ಮತ್ತೆ ಬೆಚ್ಚಗಾಗಲಿಲ್ಲ. ಅಮಾವಾಸ್ಯೆಗೆ ಮುಂಚೆಯೇ ಅವರು ತೀರಿಕೊಂಡರು. ಅವರಿಗೆ ಕುಣಿ ತೋಡಲು ಊರಿನಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಮುದ್ದೇಬಿಹಾಳದಿಂದ ಆಳು ಕರೆಸಬೇಕಾಯಿತು.