ರಾಜ ಹೋದ ಮೇಲೆ ಬಂದ ದೇವರು

ಗ್ರೀಕ್ ರಾಜನ ಪಾತ್ರ ಸುಶಾಂತನಿಗೆ ಸಿಕ್ಕಿದ್ದು ಅಭಿನಯದಿಂದಲ್ಲ, ಬಿಡುವಿನಿಂದ. ಕನ್ನಡ ಸಂಘದ ಯುಗಾದಿ ನಾಟಕಕ್ಕೆ ಉದ್ದುದ್ದ ಮಾತು ಬಾಯಿಪಾಠ ಮಾಡುವವರು ಬೇಕಿತ್ತು. ಉಳಿದವರಿಗೆಲ್ಲ ಹೆಂಡತಿ, ಮಕ್ಕಳು, ಮಕ್ಕಳ ಸಾಕರ್ ಇದ್ದವು. ಸುಶಾಂತನಿಗೆ ಅಮೆರಿಕದ ಮಿಶಿಗನ್ನಿನ ಲಿವೋನಿಯಾದಲ್ಲಿ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಇತ್ತು. ಅಲ್ಲಿ ಚಕ್ರವರ್ತಿಯಂತೆ ಗುಡುಗುತ್ತಿದ್ದ. ಪಕ್ಕದವರು ಗೋಡೆ ಗುದ್ದಿದರೆ ಪ್ರಜೆಯಂತೆ ತೆಪ್ಪಗಾಗುತ್ತಿದ್ದ.

2002ರ ಆ ಚಳಿಗಾಲದಲ್ಲಿ ಅವನ ಪಾಡೂ ನಾಟಕದ ರಾಜನ ಪಾಡಿಗಿಂತ ಬಹಳ ಬೇರೆಯಾಗೇನೂ ಇರಲಿಲ್ಲ. ಪಕ್ಕದ ಡಿಯರ್‌ಬಾರ್ನಿನಲ್ಲಿ ಕಾರಿನ ಭಾಗಗಳ ಸಣ್ಣ ಡಿಸೈನ್ ಕಚೇರಿಯೊಂದರಲ್ಲಿ ಅವನು ಸಹಿ ಹಾಕಿ ಕಳಿಸಿದ ಡ್ರಾಯಿಂಗ್ ಹಳೆಯದಾಗಿತ್ತು. ಅಳತೆ ಬದಲಾದದ್ದನ್ನು ಯಾರೂ ಅವನಿಗೆ ತಿಳಿಸಿರಲಿಲ್ಲ. ಲಾರಿಗಟ್ಟಲೆ ಬಿಡಿಭಾಗ ಗುಜರಿ ಸೇರಿತು. ಸುಶಾಂತ ಗೋದಾಮು ಸೇರಿದ, ಡಬ್ಬಗಳ ಲೇಬಲ್ ನೋಡುವ ಕೆಲಸಕ್ಕೆ. ಸಂಘದವರು ಕನಿಕರದಿಂದಲೇ ವಿಚಾರಿಸಿದರು. ಒಂದು ಸಲ ಚೆಕ್ ಮಾಡಬೇಕಿತ್ತಲ್ಲವೇ? ಶನಿಕಾಟ ಇದೆಯೇ? ಎಳ್ಳೆಣ್ಣೆ ದೀಪ ಹಚ್ಚಿಸಿದೆಯಾ? ತಪ್ಪು ನಿನ್ನದಲ್ಲ ಎಂದು ಒಬ್ಬರಾದರೂ ಅಂದಾರೇ ಎಂದು ಅವನು, ಎಲ್ಲರೂ ಮನೆಯಡುಗೆ ತಂದು ಹಂಚಿ ಉಣ್ಣುವ ಸಂಘದ ಕೂಟಗಳಲ್ಲಿ, ಪಾಟ್‌ಲಕ್‌ನಿಂದ ಪಾಟ್‌ಲಕ್‌ಗೆ ಕಾದ. ಚಿತ್ರಾನ್ನ ಬಂತು, ಆ ಮಾತು ಬರಲಿಲ್ಲ.

ನಾಟಕ ಬರೆದವರು ಚಂದ್ರಶೇಖರ ಅಂಕಲ್, ಪುರಾತನ ಗ್ರೀಕರ ಧಾಟಿಯಲ್ಲಿ. ನಗರಕ್ಕೆ ಜಾಡ್ಯ ಬಡಿದಿದೆ. ದೇವರ ಚಿಲುಮೆಯನ್ನು ಯಾರೋ ಮೈಲಿಗೆ ಮಾಡಿದ್ದಾರೆ ಎಂದು ದೈವವಾಣಿಯಾಗುತ್ತದೆ. ಮಾಡಿದವನನ್ನು ಗಡೀಪಾರು ಮಾಡುವೆ ಎಂದು ರಾಜ ಆಣೆಯಿಡುತ್ತಾನೆ. ಹುಡುಕಿದರೆ, ಯುದ್ಧದಿಂದ ಮರಳುವಾಗ ಕತ್ತಲಲ್ಲಿ ಅಲ್ಲಿ ನೆತ್ತರಿನ ಕೈ ತೊಳೆದವನು ತಾನೇ. ಗ್ರೀಕರ ನಂಬಿಕೆಯಲ್ಲಿ ಮೈಲಿಗೆ ಎಂದರೆ ಬೆಂಕಿಯ ಹಾಗೆ, ತಿಳಿದು ಮುಟ್ಟಿದೆಯೋ ತಿಳಿಯದೆ ಮುಟ್ಟಿದೆಯೋ ಎಂದು ಅದು ಕೇಳುವುದಿಲ್ಲ ಎಂದು ಅಂಕಲ್ ವಿವರಿಸಿದರು. ತಿಳಿಯದೆ ಮಾಡಿದ್ದಕ್ಕೂ ತಲೆಯೊಡ್ಡಿ ಒಬ್ಬನೇ ನಡೆದುಹೋಗುವುದರಲ್ಲೇ ನಾಯಕನ ದೊಡ್ಡಸ್ತಿಕೆಯಂತೆ.

ಇದು ಜಯದೇವಿ ಆಂಟಿಗೆ ಒಪ್ಪಿಗೆಯಾಗಲಿಲ್ಲ. ಧಾರವಾಡ ಕಡೆಯ ಡಾಕ್ಟರು. ನಾಟಕದಲ್ಲಿ ಊರ ಜನರಾಗಿ ಒಕ್ಕೊರಲಲ್ಲಿ ಹಾಡುವ ಮೇಳದ ಹೆಂಗಸರಿಗೆ ಅವರೇ ಮುಂದಾಳು. “ತಿಳೀದ ಮಾಡಿದ್ದಕ್ಕ ಹಿಂಗ ಓಡಿಸ್ತಾನೇನ್ರಿ ದೇವರು? ಹಬ್ಬದ ದಿನ ಮಂದಿ ಅಳಕೋತ ಊಟಕ್ಕ ಕೂಡಬೇಕೇನು? ಕಡೀಕ ದೇವರು ಬಂದು ಸಮಾಧಾನ ಮಾಡ್ಲಿ. ನನ್ನ ಮಗಳು ಶಾಂಭವಿ ದೇವರಾಗ್ತಾಳ.”

ಸುಶಾಂತನಿಗೆ ಎಲ್ಲಿಲ್ಲದ ರೋಷ ಬಂತು. ಆಂಟಿಯ ಮಾತು ರಾಜನ ಕುರಿತಾದರೂ ಕಣ್ಣು ತನ್ನ ಮೇಲಿತ್ತೆಂದು ಅವನಿಗನ್ನಿಸಿತು. “ಹಾಗ್ಮಾಡಿದ್ರೆ ಟ್ರ್ಯಾಜಿಡಿ ಆಗಲ್ಲ ಆಂಟಿ. ರಾಜ ಯಾರ ಕರುಣೇನೂ ತಗೊಳಲ್ಲ.”

“ರಾಜಾ ತಗೊಳ್ಳೂದಿಲ್ಲೋ, ನೀ ತಗೊಳ್ಳೂದಿಲ್ಲೋ, ತಮ್ಮಾ?”

ಎಲ್ಲರೂ ನಕ್ಕರು. ಸುಶಾಂತನೂ ನಕ್ಕ, ಸ್ವಲ್ಪ ತಡವಾಗಿ. ಆಮೇಲೆ ಅಂಕಲ್ ಹೊಸದಾಗಿ ಬರೆದುಕೊಟ್ಟ ದೇವರ ಮಾತನ್ನು ಒಮ್ಮೆ ಓದಿ, ತನ್ನ ಪ್ರತಿಯಲ್ಲಿ ಪೆನ್ನಿನಿಂದ ಹೊಡೆದುಹಾಕಿದ. ಕೊನೆಗೆ ಅಂಕಲ್ ರಾಜಿ ಮಾಡಿಸಿದರು: ರಾಜ ಮೊದಲು ಹೊರಟುಹೋಗಲಿ, ದೇವರು ಆಮೇಲೆ ಬರಲಿ. ತಾಲೀಮುಗಳಲ್ಲಿ ದೇವರು ಬರುವಷ್ಟರಲ್ಲಿ ಸುಶಾಂತ ಕಾರಿನಲ್ಲಿರುತ್ತಿದ್ದ.

ಹಬ್ಬದ ಮಧ್ಯಾಹ್ನ, ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ ಅವನು ಚೆನ್ನಾಗಿಯೇ ಮಾಡಿದ. ಕಿರೀಟ ಇಳಿಸಿಟ್ಟು, ಕಂಬಳಿ ಹೊದ್ದು, ಜನರ ನಡುವಿನಿಂದ ನಡೆದು ಹಿಂಬದಿಯ ಬಾಗಿಲಿಂದ ಹೊರಬಿದ್ದ. ಯಾರೋ ಮೂಗು ಸೀಟಿಕೊಂಡದ್ದು ಕೇಳಿ ಹೆಮ್ಮೆಯಾಯಿತು. ಹಿಂದೆಯೇ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಹೊರಗಿನಿಂದ ತೆಗೆಯಲು ಅದಕ್ಕೆ ಹಿಡಿಕೆಯೇ ಇರಲಿಲ್ಲ.

ಹೊರಗೆ ಅಮೆರಿಕದ ಲೆಕ್ಕದ ಮೂವತ್ತು ಡಿಗ್ರಿ, ಅಂದರೆ ನೀರು ಹೆಪ್ಪುಗಟ್ಟುವ ಚಳಿ, ಕಾಲಲ್ಲಿ ತೆಳುವಾದ ಚಪ್ಪಲಿ, ಕಾರಿನ ಕೀಲಿ ಒಳಗಿದ್ದ ಪ್ಯಾಂಟಿನಲ್ಲಿ. ಗಡೀಪಾರಾದ ರಾಜರಿಗೆ ಪಾರ್ಕಿಂಗ್ ಲಾಟಿನಲ್ಲಿ ನಡುಗುವ ದೃಶ್ಯವನ್ನು ಯಾವ ಗ್ರೀಕನೂ ಬರೆದಂತಿರಲಿಲ್ಲ. ಬಾಗಿಲು ತಟ್ಟಲು ಕೈಯೆತ್ತಿ, ಅದರ ಪುಟ್ಟ ಗಾಜಿನಲ್ಲಿ ಇಣುಕಿದ.

ಬಿಳಿ ಸೀರೆ ಸುತ್ತಿಕೊಂಡ ಶಾಂಭವಿ ರಂಗದ ಮೇಲೆ ಬಂದಿದ್ದಳು. ಮನೆಯಲ್ಲಿ ಅಮ್ಮನಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಈಗಷ್ಟೇ ಅವನು ರಾಜನಾಗಿ ನಿಂತಿದ್ದ ಖಾಲಿ ಜಾಗದ ಕಡೆ ಬಾಗಿ, ಒಂದೊಂದೇ ಕನ್ನಡ ಪದವನ್ನು ಜೋಪಾನವಾಗಿ ಆಡುತ್ತಿದ್ದಳು. ದನಿ ಹೊರಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ, ಹೊಡೆದುಹಾಕುವ ಮೊದಲು ಅವನು ಅದನ್ನು ಓದಿದ್ದ. ‘ಮಗೂ, ತಪ್ಪು ನಿನ್ನದಲ್ಲ.’

ಎತ್ತಿದ ಕೈ ಗಾಜಿನ ಪಕ್ಕದಲ್ಲೇ ನಿಂತಿತು. ಈಗ ತಟ್ಟಿದರೆ ಹುಡುಗಿ ಬೆಚ್ಚಿ, ಮಾತು ನಡುವೆಯೇ ನಿಂತುಹೋದೀತು. ಅವಳು ಪೂರ್ತಿ ಹೇಳಿ ಮುಗಿಸಲಿ ಎಂದು ಅವನು ಚಳಿಯಲ್ಲೇ ಕಾದ.