ಮೊದಲು ಓದು, ಆಮೇಲೆ ನೋಡು
ನಮ್ಮ ಸೋದರಮಾವನದು ಒಂದೇ ಹಟ: ಕಾದಂಬರಿ ಓದಿ ಮುಗಿಸದೆ ಅದರ ಸಿನಿಮಾ ನೋಡುವಂತಿಲ್ಲ. ಪುಸ್ತಕದ ಮುಖಪುಟದಲ್ಲಿ ನಟಿಯ ಚಿತ್ರವಿದ್ದರೆ ಓದುವ ಮೊದಲೇ ಹಳೇ ಪೇಪರಿನ ಹೊದಿಕೆ ಹಾಕುತ್ತಾನೆ. ಚಿತ್ರಮಂದಿರದ ಮುಂದೆ ಹಾಯುವಾಗ, ಬಿಸಿಲಿರಲಿ ಇಲ್ಲದಿರಲಿ, ಪೋಸ್ಟರಿಗೆ ಕೊಡೆ ಅಡ್ಡ ಹಿಡಿಯುತ್ತಾನೆ. ಅವನ ಓದೋ ಆಮೆ ನಡಿಗೆಯದು. ಕೊನೆಯ ಪುಟ ಮುಟ್ಟುವಷ್ಟರಲ್ಲಿ ಸಿನಿಮಾ ಊರು ಬಿಟ್ಟಿರುತ್ತದೆ. “ಹೋದ್ರೆ ಹೋಗ್ಲಿ ಬಿಡು,” ಎನ್ನುತ್ತಾನೆ. ಅತ್ತೆ ಮಾತ್ರ ಒಬ್ಬಳೇ ಹೋಗಿ ನೋಡಿ ಬಂದು, ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿರುತ್ತಾಳೆ. “ಯಾಕೆ ಮಾವ ಇಷ್ಟೊಂದು ಒದ್ದಾಟ?” ಎಂದು ಮೊನ್ನೆ ಕೇಳಿಯೇಬಿಟ್ಟೆ. ಪುಸ್ತಕದಿಂದ ತಲೆ ಎತ್ತದೆ ಹೇಳಿದ: “ನಿಮ್ಮಜ್ಜಿದು ಒಂದು ಫೋಟೋನೂ ಇಲ್ಲ ಕಣೇ. ಓದುವಾಗ ಯಾವ ಕಥೇಲಿ ತಾಯಿ ಬಂದ್ರೂ ನಂಗೆ ನಮ್ಮಮ್ಮನ ಮುಖಾನೇ ಕಾಣುತ್ತೆ. ಸಿನಿಮಾ ಮೊದಲು ನೋಡಿದ್ರೆ, ಆ ಜಾಗದಲ್ಲಿ ಬೇರೆ ಯಾರೋ ಬಂದು ಕೂತಿರ್ತಾರೆ.”