ಬೀದಿಗೆ ರಾಗ, ಮನೆಗೆ ಮಾತು

ಜುಗ್ಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಸದ್ದಿನಲ್ಲೂ ಜುಗ್ಗತನ ಮಾಡಿದವನು ಶಿಡ್ಲಘಟ್ಟದ ನಮ್ಮ ಬೀದಿಯ ವೆಂಕಟರವಣಪ್ಪ ಒಬ್ಬನೇ. ರೇಷ್ಮೆ ನೂಲು ತೆಗೆಯುವ ಎಂಟು ಒಲೆಗಳ ಷೆಡ್ಡು ಅವನದು. ಅರವತ್ತೊಂದನೇ ಇಸವಿಯಲ್ಲಿ ಬೀದಿಗೇ ಮೊದಲ ರೇಡಿಯೊ ತಂದ. ತಂದು ತೆಪ್ಪಗೆ ಒಳಗಿಟ್ಟುಕೊಂಡು ಕೇಳಿದ್ದರೆ ನನ್ನದೇನೂ ತಕರಾರಿರಲಿಲ್ಲ.

ಆಗ ಭಾನುವಾರ ಮಧ್ಯಾಹ್ನ ಬೆಂಗಳೂರಿನಿಂದ ಒಂದು ನಾಟಕ ಬರುತ್ತಿತ್ತು, ವರ್ಷಗಟ್ಟಲೆ ಮುಗಿಯದ ನಾಟಕ. ಶುರುವಿಗೆ ಒಂದು ನಿಮಿಷ ಸಂಗೀತ. ಪಿಟೀಲು ಎಳೆದೆಳೆದು ಅತ್ತು, ಕೊನೆಗೆ ಘಟದ ಮೇಲೆ ನಾಲ್ಕು ಪೆಟ್ಟು. ಈ ಮಹಾನುಭಾವ ರೇಡಿಯೊವನ್ನು ಜಗಲಿಯ ಕಿಟಕಿಯಲ್ಲಿಟ್ಟು ಜೋರು ಮಾಡುತ್ತಿದ್ದ. ಬೀದಿಯೆಲ್ಲ ಓಡಿ ಬರುತ್ತಿತ್ತು. ನಾಲ್ಕನೇ ಪೆಟ್ಟು ಬಿದ್ದದ್ದೇ ತಡ, ಕಿಟಕಿ ಧಡಾರನೆ ಮುಚ್ಚಿ, ತನ್ನ ಕಿವಿಗೆ ಸಾಕಾಗುವಷ್ಟು ಸದ್ದು ಇಳಿಸುತ್ತಿದ್ದ.

"ಕಥೆ ಬೇಕಾದ್ರೆ ನೀವೂ ಒಂದು ರೇಡಿಯೊ ತಗೊಂಡು ಸರ್ಕಾರಕ್ಕೆ ಲೈಸೆನ್ಸ್ ದುಡ್ಡು ಕಟ್ರಪ್ಪ. ರಾಗ ಪುಕ್ಸಟ್ಟೆ," ಅನ್ನುತ್ತಿದ್ದ.

ತನ್ನ ಮನೆಯಲ್ಲಿ ರೇಡಿಯೊ ಇದೆಯೆಂದು ಊರಿಗೆ ಗೊತ್ತಾಗಬೇಕು, ಊರು ಮಾತ್ರ ಕೇಳಬಾರದು. ಥೂ! ನಮ್ಮ ಹೆಂಗಸರು ಆ ರಾಗ ಗುನುಗಿಕೊಂಡೇ ನೂಲು ತೆಗೆಯುತ್ತಿದ್ದರು. ನಾಟಕದಲ್ಲಿ ಯಾರಿದ್ದಾರೆ, ಯಾರು ಸತ್ತರು, ಒಬ್ಬರಿಗೂ ಗೊತ್ತಿಲ್ಲ.

ಅವನ ಷೆಡ್ಡಿನಲ್ಲೇ ದುಡಿಯುತ್ತಿದ್ದ ಅಕ್ಕಯಮ್ಮನಿಗೆ ಒಬ್ಬಳೇ ಮಗಳು, ಯಶೋದೆ. ಅಮ್ಮನಿಗೆ ಹೇಳದೆ ಮದುವೆಯಾಗಿ ಬೆಂಗಳೂರು ಸೇರಿ ನಾಲ್ಕು ವರ್ಷವಾಗಿತ್ತು. ಒಂದು ಕಾಗದವೂ ಇರಲಿಲ್ಲ. ಒಂದು ದಿನ ಕಾರ್ಡು ಬಂತು. ಬರುವ ಭಾನುವಾರದ ನಾಟಕದಲ್ಲಿ ನಾನೂ ಮಾತಾಡುತ್ತೇನೆ, ಕೇಳಮ್ಮ ಎಂದು ಬರೆದಿದ್ದಳು. ಅಕ್ಕಯಮ್ಮ ಕಾರ್ಡು ಹಿಡಿದುಕೊಂಡೇ ಅವನ ಮುಂದೆ ಹೋಗಿ ನಿಂತಳು.

"ಅದೊಂದು ದಿನ ಕಿಟಕಿ ಮುಚ್ಬೇಡಿ ಸ್ವಾಮಿ."

"ಅದಕ್ಕೇನಮ್ಮ, ಬಾ, ಕೇಳುವಂತೆ," ಎಂದ.

ಭಾನುವಾರ ಅಕ್ಕಯಮ್ಮ ಮಡಿ ಸೀರೆ ಉಟ್ಟು ಕಿಟಕಿಗೇ ಅಂಟಿಕೊಂಡು ನಿಂತಳು. ಹಿಂದೆ ಬೀದಿಗೆ ಬೀದಿಯೇ ಸೇರಿತ್ತು. ಎಲ್ಲರ ಬಾಯಲ್ಲೂ ಯಶೋದೆ, ಯಶೋದೆ. ವೆಂಕಟರವಣಪ್ಪನ ರೇಡಿಯೊ ಅಂದವರು ಒಬ್ಬರೂ ಇಲ್ಲ. ಅವನ ಮುಖ ಹುಳ್ಳಗಾಯಿತು.

"ರೇಡಿಯೊ ನಂದು, ಮೆರೆಯೋದು ಯಾರ್ದೋ ಮಗಳು!" ಎಂದು ಗೊಣಗಿದ. ಪಿಟೀಲು ಮುಗಿಯಿತು. ಘಟ ನಾಲ್ಕು ಸಲ ಬಡಿಯಿತು. ಕಿಟಕಿ ಮುಚ್ಚಿಯೇಬಿಟ್ಟ, ಅಯೋಗ್ಯ.

"ಸ್ವಾಮಿ, ನನ್ ಮಗಳು ಸ್ವಾಮಿ!" ರೇಷ್ಮೆಗೂಡಿನ ಬಿಸಿನೀರಿನಲ್ಲಿ ಬೆಂದು ಬಿಳಿಚಿಕೊಂಡ ಎರಡೂ ಕೈಯಿಂದ ಅಕ್ಕಯಮ್ಮ ಬಡಿದಳು. ನಾವೂ ಕೂಗಿದೆವು, ಬೈದೆವು. ಒಳಗಿನಿಂದ ಕೆಮ್ಮು ಬಿಟ್ಟರೆ ಏನೂ ಕೇಳಲಿಲ್ಲ.

ಅರ್ಧ ಗಂಟೆಯಾದ ಮೇಲೆ ರೇಡಿಯೊ ಆರಿಸಿ ಕಿಟಕಿ ತೆಗೆದ. ಅಕ್ಕಯಮ್ಮ ಕದಲಿರಲಿಲ್ಲ.

"ಏನಂದ್ಲು ಸ್ವಾಮಿ?"

ಅವನು ಹಲ್ಲಿಗೆ ಕಡ್ಡಿಯಾಡಿಸುತ್ತ, "ಅಂಥಾದ್ದೇನಿಲ್ಲಮ್ಮ. 'ಅಮ್ಮಾ, ನನ್ ಮೇಲೆ ಇನ್ನೂ ಕೋಪಾನಾ?' ಅಂತ ಒಂದೇ ಮಾತು. ಅಷ್ಟಕ್ಕೆ ಎಷ್ಟು ಗಲಾಟೆ ಮಾಡಿದ್ಯಲ್ಲ!" ಎಂದ.

ಅಕ್ಕಯಮ್ಮ ಅವನ ಮುಖ ನೋಡಲಿಲ್ಲ. ಕಿಟಕಿಯ ಸರಳಿಗೆ ಬಾಯಿಟ್ಟು, ಆರಿದ ಆ ಪೆಟ್ಟಿಗೆಗೆ, "ಇಲ್ಲ ಕಣಮ್ಮ, ಇಲ್ಲ," ಎಂದಳು.